ಮೋಡಯ್ಯನ ಪರವಾಗಿ

ಹೊಸನಗರದ ಪಶು ಆಸ್ಪತ್ರೆಯ ಡಾಕ್ಟರ್ ಧೃತಿಗೆ ದನಗಳ ಬಗ್ಗೆ ಎಷ್ಟು ಖಚಿತವಾದ ಅಭಿಪ್ರಾಯಗಳಿದ್ದವೋ ಡ್ರ್ಯಾಗನ್‌ಗಳ ಬಗ್ಗೆಯೂ ಅಷ್ಟೇ ಇದ್ದವು. ನಾಲ್ಕು ಕಾಲು ಕೊಟ್ಟ ಮೇಲೆ ಬೆನ್ನಿಗೆ ಮತ್ತೆರಡು ರೆಕ್ಕೆ ಎಲ್ಲಿಂದ ಬಂತು, ರೆಕ್ಕೆ ಅಂದರೆ ಮುಂಗಾಲೇ ಅಲ್ಲವೇ, ಆ ರೆಕ್ಕೆಯ ಭುಜದ ಮೂಳೆ ಯಾವ ಮೂಳೆಗೆ ಕಚ್ಚಿಕೊಂಡಿದೆ, ಮೊದಲು ಅದನ್ನು ಹೇಳಿ, ಆಮೇಲೆ ಬೇಕಾದರೆ ಬೆಂಕಿ ಉಗುಳಿಸಿ ಎಂದು ಕೇಳುತ್ತಿದ್ದಳು. ಕೇಳುವುದು ಯಾರನ್ನು ಅಂತೀರಾ? ಸಿಕ್ಕಿದವರನ್ನು. ಎಮ್ಮೆಗೆ ಚುಚ್ಚುಮದ್ದು ಹಾಕಿಸಲು ಬಂದವರು ಎಮ್ಮೆಯ ಹಗ್ಗ ಹಿಡಿದುಕೊಂಡು ಡ್ರ್ಯಾಗನ್ನಿನ ಭುಜದ ಕಥೆ ಕೇಳಿ ಮನೆಗೆ ಹೋದದ್ದುಂಟು.

ಹೀಗೆ ಸಿಕ್ಕಿದವರೆಲ್ಲ ತಪ್ಪಿಸಿಕೊಳ್ಳಲು ಶುರುಮಾಡಿದ ಮೇಲೆ ಅವಳಿಗೊಂದು ವಾಟ್ಸಾಪ್ ಗುಂಪು ಸಿಕ್ಕಿತು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಓದುವ ಹುಚ್ಚಿನವರೆಲ್ಲ ಸೇರಿಕೊಂಡ ಗುಂಪು ಅದು. ಅಡಿಕೆ ದರ ಹಾಕುವಂತಿಲ್ಲ, ಹೂವಿನ ಚಿತ್ರದ ಶುಭೋದಯ ಹಾಕುವಂತಿಲ್ಲ, ಪುಸ್ತಕದ ಮಾತು ಮಾತ್ರ. ಅಲ್ಲಿ ಧೃತಿಯ ನಾಲಿಗೆಗೆ ಹಬ್ಬ. ವೈಜ್ಞಾನಿಕ ಕಥೆ ಬರೆಯುವವನಿಗೆ ಒಂದೇ ಒಂದು ಸುಳ್ಳು ಹೇಳಲು ಪರವಾನಗಿ ಇದೆ, ಎರಡನೆಯದು ಹೇಳಿದರೆ ದಂಡ ಹಾಕಬೇಕು ಎಂದಳು. ಮಂತ್ರ ಹೇಳಿದ ತಕ್ಷಣ ಗಾಯ ಮಾಯುವುದಾದರೆ ನಾನೂ ಮಂತ್ರವನ್ನೇ ಕಲಿಯುತ್ತಿದ್ದೆ, ಮಂತ್ರ ಹೇಳಿದವನ ಮೈಯಿಂದ ಏನಾದರೂ ಕಳೆದುಹೋದರೆ ಮಾತ್ರ ಅದು ಕಥೆ ಎಂದಳು. ಅನ್ಯಗ್ರಹದವರು ಯಾವಾಗಲೂ ದೊಡ್ಡ ಪಟ್ಟಣಕ್ಕೇ ಇಳಿಯುತ್ತಾರಲ್ಲ, ಹೊಸನಗರದಲ್ಲಿ ಅವರಿಗೆ ನಿಲ್ಲಿಸಲು ಜಾಗ ಇಲ್ಲವೇ ಎಂದೂ ಕೇಳಿದಳು. ಸಾಗರದಲ್ಲಿ ಪ್ರೆಸ್ ಇಟ್ಟುಕೊಂಡಿರುವ ಶ್ರೀಕಾಂತ ಒಮ್ಮೆ ಅಪ್ಪಿತಪ್ಪಿ 'ಕಾಮಿಕ್ಸ್ ಅಂದ್ರೆ ಮಕ್ಕಳಿಗೆ ಸರಿ' ಎಂದು ಬರೆದುಬಿಟ್ಟ. ಚಿತ್ರ ಓದಲು ಬಾರದವರು ಮಾತ್ರ ಹಾಗೆ ಹೇಳುವುದು, ಚಿತ್ರದಲ್ಲಿ ಬಾಗಿಲು ತೆರೆದಿದ್ದರೆ ಅದರ ಮೇಲೆ 'ಬಾಗಿಲು ತೆರೆಯಿತು' ಎಂದು ಬರೆಸಿಕೊಂಡರೇ ಅಂಥವರಿಗೆ ಸಮಾಧಾನ ಎಂದು ಧೃತಿ ಅವನಿಗೆ ಹಾಕಿದ ಉತ್ತರ ಓದಿ ಗುಂಪಿನಲ್ಲಿ ಅರ್ಧ ದಿನ ಯಾರೂ ಉಸಿರೆತ್ತಲಿಲ್ಲ.

ಅಂಥವಳು ಒಂದು ಕಾಮಿಕ್ಸಿಗೆ ಮರುಳಾದಳು. ಅದರ ಹೆಸರು 'ಮಳೆ ಮರೆತ ದುರ್ಗ'. ಬರೆದು ಚಿತ್ರಿಸಿದವನು ಅದೇ ಗುಂಪಿನ ಪೂರ್ಣೇಶ್. ಕವಲೇದುರ್ಗದ ಗುಡ್ಡದ ಬುಡದ ಊರಿನವನು, ಗದ್ದೆ ತೋಟ ಇರುವ ಒಕ್ಕಲಿಗರ ಮನೆಯ ಹುಡುಗ, ಇನ್ನೂ ಮೂವತ್ತು ದಾಟಿಲ್ಲ. ತೀರ್ಥಹಳ್ಳಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡು ಹಗಲೆಲ್ಲ ಮದುವೆ, ಹುಟ್ಟುಹಬ್ಬದ ಬ್ಯಾನರು ಮಾಡುತ್ತಿದ್ದ. ಉಳಿದ ಹೊತ್ತಿನಲ್ಲಿ ಮುನ್ನೂರು ವರ್ಷ ಮುಂದಿನ ಕವಲೇದುರ್ಗ ಬರೆಯುತ್ತಿದ್ದ. ಆ ಕಾಲದಲ್ಲಿ ಊರೆಲ್ಲ ಕೆಳಗೆ ಮುಳುಗಿಹೋಗಿ, ಉಳಿದವರು ಕೋಟೆಯ ಮೇಲೆ ಬದುಕುತ್ತಾರೆ. ಶಿಖರದಲ್ಲೊಂದು ಯಂತ್ರ ಇದೆ. ಅದು ಮೋಡಗಳನ್ನು ಓಡಿಸುತ್ತದೆ, ಮನೆಮನೆಗೆ ಅಳೆದು ನೀರು ಕೊಡುತ್ತದೆ. ಜನ ಅದನ್ನು ಮೋಡಯ್ಯ ಎಂದು ಕರೆಯುತ್ತಾರೆ. ಮೂರು ತಲೆಮಾರಿನಿಂದ ಅಲ್ಲಿ ಮಳೆ ಬಿದ್ದಿಲ್ಲ. ಚೌಡಿ ಎಂಬ ಹುಡುಗಿಗೆ ಮಳೆ ಅಂದರೆ ಏನೆಂದು ನೋಡಬೇಕೆಂಬ ಆಸೆ ಹುಟ್ಟುತ್ತದೆ. ಅಷ್ಟೇ ಕಥೆ.

ಮಲೆನಾಡಿನಲ್ಲಿ ಮಳೆ ಕಾಣದ ಮಗು! ಆ ಒಂದು ಸುಳ್ಳಿಗೆ ಧೃತಿ ಎಲ್ಲ ಪರವಾನಗಿಯನ್ನೂ ಕೊಟ್ಟುಬಿಟ್ಟಳು. ಮೊದಲ ಮೂರು ಭಾಗಗಳನ್ನು ಹತ್ತು ಜನರಿಗೆ ಕೊಡಿಸಿದಳು, ಓದದಿದ್ದವರನ್ನು ಬೈದು ಓದಿಸಿದಳು. ನಾಲ್ಕನೆಯದೇ ಕೊನೆಯ ಭಾಗ. ಅದಕ್ಕಾಗಿ ಒಂದು ವರ್ಷದಿಂದ ಕಾಯುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಪೂರ್ಣೇಶ್ ಆ ಕೊನೆಯ ಭಾಗದ ಪೆನ್ಸಿಲ್ ಪುಟಗಳ ಫೋಟೋ ತೆಗೆದು ಅವಳೊಬ್ಬಳಿಗೇ ಕಳಿಸಿದ್ದ. 'ಡಾಕ್ಟ್ರೇ, ಇಂಕ್ ಹಾಕೋ ಮುಂಚೆ ನಿಮ್ಮ ಅಭಿಪ್ರಾಯ ಬೇಕು' ಎಂದು ಕೆಳಗೆ ಬರೆದಿದ್ದ. ಆ ಪುಟಗಳಲ್ಲಿ ಚೌಡಿ ಶಿಖರ ಹತ್ತಿ, ಮೋಡಯ್ಯನ ಸನ್ನೆಕೋಲು ಎಳೆದು ಅದನ್ನು ನಿಲ್ಲಿಸುತ್ತಾಳೆ. ಕೊನೆಯ ಪುಟದಲ್ಲಿ ಒಂದಕ್ಷರ ಇಲ್ಲ. ಪುಟದ ತುಂಬ ಮಳೆ, ಕೆಳಗೆ ಕೋಟೆಯ ಜನ ಎಲ್ಲ ಮುಖ ಮೇಲೆ ಮಾಡಿ ನಿಂತಿದ್ದಾರೆ, ಇದು ಏನು ಎಂದು ಯಾರಿಗೂ ಗೊತ್ತಿಲ್ಲ.

ಅದನ್ನು ನೋಡಿ ಧೃತಿ ಮಾಡಿದ ಕೆಲಸವನ್ನು ಅವಳ ತವರಿನವರು ಮಾತ್ರ ಮಾಡಲು ಸಾಧ್ಯ. ಅವಳ ತವರು ಇಕ್ಕೇರಿಯ ಹತ್ತಿರದ ಒಂದು ಹವ್ಯಕರ ಮನೆ. ಅಪ್ಪ ಮಹಾಗಣಪತಿ ತಾಳಮದ್ದಳೆಯಲ್ಲಿ ಹೆಸರಾದ ಅರ್ಥಧಾರಿ. ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಎದುರುಬದುರು ಕೂತು ಒಂದೊಂದು ಪಾತ್ರವಾಗಿ ವಾದ ಮಾಡುತ್ತಾರೆ. ಯಾರು ಗೆಲ್ಲಬೇಕೆಂದು ಪದ್ಯದಲ್ಲಿ ಮೊದಲೇ ಇರುತ್ತದೆ. ಆದರೆ ಮಾತಿನಲ್ಲಿ ಯಾರು ಗೆಲ್ಲುತ್ತಾರೆಂದು ದೇವರಿಗೂ ಗೊತ್ತಿರುವುದಿಲ್ಲ. ಸೋಲುವವನ ಪಾತ್ರ ಕೊಟ್ಟರೆ ಮಹಾಗಣಪತಿಗೆ ಹೋಳಿಗೆ ಊಟ ಹಾಕಿದ ಹಾಗೆ. ಅಂಥ ಮನೆಯಲ್ಲಿ ಯಾವುದನ್ನಾದರೂ ತೀರಾ ಮೆಚ್ಚಿಕೊಂಡರೆ ಅದರ ವಿರುದ್ಧ ವಾದ ಹೂಡುವುದು ರೂಢಿ. ಗಟ್ಟಿಯಾದದ್ದನ್ನೇ ಅಲ್ಲವೇ ಗುದ್ದಿ ನೋಡುವುದು?

ಧೃತಿಯೂ ಗುದ್ದಿದಳು. ಫೋನು ಬಾಯಿಗಿಟ್ಟುಕೊಂಡು ಪೂರ್ಣೇಶನಿಗೆ ಅರ್ಧ ಗಂಟೆಯ ಧ್ವನಿ ಸಂದೇಶ ಕಳಿಸಿದಳು. ಅದರಲ್ಲಿ ಅವಳು ಧೃತಿಯಾಗಿರಲಿಲ್ಲ, ಮೋಡಯ್ಯನಾಗಿದ್ದಳು. 'ಚೌಡೀ, ನಿನ್ನ ಮುತ್ತಜ್ಜಿಯ ಕಾಲದಲ್ಲಿ ಗುಡ್ಡ ಜರಿದು ಹಳ್ಳಿಗೆ ಹಳ್ಳಿಯೇ ಮಣ್ಣಾದಾಗ, ಮಳೆ ಸಾಕು ಅಂತ ನನ್ನ ಮುಂದೆ ಅತ್ತವರು ನಿಮ್ಮವರೇ. ಸಾಕು ಅಂದ್ರು, ನಿಲ್ಲಿಸಿದೆ. ಅವತ್ತಿಂದ ಒಂದು ಮಗು ನೀರಿನಲ್ಲಿ ಹೋಗಿಲ್ಲ. ನಿನಗೀಗ ಮಳೆ ನೋಡೋ ಆಸೆ. ನಿನ್ನ ಆಸೆಗೆ ಯಾರ ಮನೆ ಗೋಡೆ ಬೀಳಬೇಕು, ಹೆಸರು ಹೇಳು.' ಹೀಗೇ ಸಾಗಿತು. ಕೊನೆಗೆ ಅವಳಿಗೇ ತನ್ನ ಮಾತು ಕೇಳಿ ಮೈ ಜುಮ್ಮೆಂದಿತು. ಪೂರ್ಣೇಶ್ ಚೌಡಿಯಾಗಿ ಏನು ಉತ್ತರ ಕೊಡುತ್ತಾನೋ ಎಂದು ಕುತೂಹಲದಿಂದ ಕಾದಳು. ಬಂದದ್ದು ಮುಗಿದ ಕೈಯ ಒಂದು ಚಿಹ್ನೆ, 'ಅರ್ಥ ಆಯ್ತು ಡಾಕ್ಟ್ರೇ' ಎಂಬ ಒಂದು ಸಾಲು. ಹುಡುಗನಿಗೆ ವಾದದ ರುಚಿ ಇಲ್ಲ ಎಂದುಕೊಂಡು ಧೃತಿ ಸ್ವಲ್ಪ ಬೇಜಾರು ಮಾಡಿಕೊಂಡು ಸುಮ್ಮನಾದಳು.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಆಸ್ಪತ್ರೆ ಖಾಲಿಯಾಗಿ ಅವಳು ಬುತ್ತಿ ಬಿಚ್ಚುವ ಹೊತ್ತಿಗೆ ಅವನಿಂದ ಪೂರ್ತಿ ಪುಸ್ತಕವೇ ಬಂತು. ಸೋಮವಾರ ಬೆಳಿಗ್ಗೆ ಸಾಗರದ ಶ್ರೀಕಾಂತನ ಪ್ರೆಸ್ಸಿಗೆ ಹೋಗುತ್ತದೆ ಎಂದು ಬರೆದಿದ್ದ. ಕೆಳಗೆ ಇನ್ನೊಂದು ಸಾಲಿತ್ತು. 'ನೀವು ಹೇಳಿದ ಹಾಗೇ ಕೊನೆ ಬದಲಾಯಿಸಿದ್ದೀನಿ.'

ತಾನು ಏನು ಹೇಳಿದ್ದೆ ಎಂದು ಧೃತಿಗೆ ತಟ್ಟನೆ ಹೊಳೆಯಲೇ ಇಲ್ಲ. ಬುತ್ತಿ ಮುಚ್ಚಿ ಓದತೊಡಗಿದಳು. ಎಂಥ ಗೆರೆಗಳು, ಎಂಥ ಕಪ್ಪು. ಚೌಡಿ ಗೋಡೆ ಹತ್ತುವ ಪುಟದಲ್ಲಿ ಧೃತಿ ಕುರ್ಚಿಯ ತುದಿಗೆ ಬಂದಳು. ಶಿಖರ ಬಂತು. ಚೌಡಿ ಸನ್ನೆಕೋಲಿಗೆ ಕೈ ಹಾಕಿದಳು. ಮೋಡಯ್ಯ ಮಾತಾಡಿದ. ಆಮೇಲೆ ಚೌಡಿ ಸನ್ನೆಕೋಲಿನಿಂದ ಕೈ ತೆಗೆದಳು, 'ನೀನೇ ಸರಿ' ಎಂದು ಕೈಮುಗಿದಳು, ಬಂದ ದಾರಿಯಲ್ಲೇ ಇಳಿದು ಹೋಗಿ ಕೊಡ ಹಿಡಿದುಕೊಂಡು ನೀರಿನ ಸಾಲಿನಲ್ಲಿ ನಿಂತಳು. ಕೊನೆಯ ಚಿತ್ರದ ಮೇಲೆ ಒಂದು ಚೌಕ, ಚೌಕದೊಳಗೆ 'ಹಿರಿಯರ ಮಾತಿಗೂ ಒಂದು ಕಾರಣ ಇರುತ್ತದೆ' ಎಂಬ ಬುದ್ಧಿಮಾತು.

ಮಳೆಯೇ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದನ್ನು ಧೃತಿ ಚಿಕ್ಕಂದಿನಿಂದ ಕೇಳಿದ್ದಳು. ದೊಣ್ಣೆ ತನ್ನ ಕೈಯಲ್ಲಿದೆ ಎಂದು ಗೊತ್ತಾದದ್ದು ಅವತ್ತೇ. ಬುತ್ತಿಯ ಅನ್ನ ಹಾಗೇ ಉಳಿಯಿತು. ಪೂರ್ಣೇಶನಿಗೆ ಫೋನು ಮಾಡಿದರೆ ಅದು ಆಫ್ ಆಗಿತ್ತು. ಅಪ್ಪನಿಗೆ ಮಾಡಿದಳು.

"ಅಪ್ಪಯ್ಯ, ಆನು ಒಂದು ದೊಡ್ಡ ಅನಾಹುತ ಮಾಡಿ ಹಾಕಿದ್ದಿ."

"ಎಂತ ಆತೇ ಕೂಸೆ? ಯಾರದಾದ್ರೂ ದನ ಸತ್ತೋತ?"

"ದನ ಅಲ್ಲ, ಒಂದು ಪುಸ್ತಕ" ಎಂದು ಧೃತಿ ನಡೆದದ್ದನ್ನೆಲ್ಲ ಹೇಳಿದಳು. ಮಹಾಗಣಪತಿ ಅಡ್ಡ ಬಾಯಿ ಹಾಕದೆ ಕೇಳಿದರು. ಮಧ್ಯೆ ಮಧ್ಯೆ ಮೋಡಯ್ಯನ ವಾದಕ್ಕೆ ಮಾತ್ರ 'ಭೇಷ್' ಎಂದರು. ಅದು ಬೇರೆ ಅವಳಿಗೆ ಉರಿಯಿತು.

"ಅಂವ ಎದುರು ಅರ್ಥ ಹೇಳಿದ್ನ?"

"ಇಲ್ಲೆ. ಅರ್ಥ ಆಯ್ತು ಹೇಳಿ ಕೈ ಮುಗದ."

"ಅಲ್ಲೇ ನಿಂಗೆ ಗೊತ್ತಾಗವಾಗಿತ್ತು. ಎದುರು ಕೂತಂವ ಸುಮ್ನೆ ಕೈ ಮುಗದ ಅಂದ್ರೆ ಅಂವ ಪಾತ್ರದಲ್ಲಿ ಇಲ್ಲೆ ಹೇಳಿ ಲೆಕ್ಕ. ಅಂವ ಪೂರ್ಣೇಶನೇ ಆಗಿ ಕೂತಿದ್ದ, ನೀ ಮಾತ್ರ ಮೋಡಯ್ಯ ಆಗಿ ಕೂತಿದ್ದೆ." ಮಹಾಗಣಪತಿ ಒಂದು ಗಳಿಗೆ ಬಿಟ್ಟು ಕೇಳಿದರು. "ಪ್ರಸಂಗ ಮುಗದ ಮೇಲೆ ಎಂಗೊ ಎಂತ ಮಾಡ್ತ್ಯ?"

"ಕಾಫಿ ಕುಡಿತ್ಯ."

"ಕಾಫಿ ಎಂತಕ್ಕೆ? ನಿದ್ದೆ ಬಪ್ಪದಕ್ಕೆ ಅಲ್ಲ. ಅಲ್ಲಿ ಕೂತ್ಕಂಡು, ನಿನ್ನ ಮಾತು ನಂಗೆ ಹಿಂಗೆ ಮುಟ್ಟಿತು ಹೇಳಿ ಒಬ್ಬರಿಗೊಬ್ಬರು ಹೇಳದಕ್ಕೆ. ಜಗಳ ಆಡಿದವ್ವು ಮನೆಗೆ ಹೋಪಲೆ ಮೊದಲು ಮನುಷ್ಯರಾಗವು. ನೀ ಆ ಮಾಣಿಗೆ ಕಾಫಿ ಕೊಡ್ದೆ ಕಳ್ಸಿದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಪ್ಪ ಇನ್ನೇನೋ ಶುರುಮಾಡಿದರು. ಅವಳು ಫೋನಿಟ್ಟಳು.

ಸಂಜೆಗೆ ಪೂರ್ಣೇಶನ ಫೋನು ಹತ್ತಿತು. ಅವನ ಧ್ವನಿಯಲ್ಲಿ ಉತ್ಸಾಹವಿರಲಿಲ್ಲ. ನಾಳೆ ಬೆಳಿಗ್ಗೆ ಕೋಟೆಯ ಮೇಲಿರುತ್ತೇನೆ, ಶಿಖರದ ಹಿನ್ನೆಲೆ ಒಂದು ಸಲ ತಾಳೆ ನೋಡಿಕೊಳ್ಳಬೇಕು, ಅಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ ಎಂದ. ಧೃತಿ ಫೋನಿನಲ್ಲಿ ಒಂದಕ್ಷರವನ್ನೂ ಬಿಚ್ಚಲಿಲ್ಲ. ಫೋನಿನಲ್ಲಿ ಮಾಡಿದ ಕೆಡುಕನ್ನು ಮತ್ತೆ ಫೋನಿನಲ್ಲೇ ಸರಿಮಾಡಲು ಹೋಗುವಷ್ಟು ಪೆದ್ದು ಅವಳಲ್ಲ. ಬರುತ್ತೇನೆ ಎಂದಳು, ಅಷ್ಟೇ.

ಭಾನುವಾರ ಫ್ಲಾಸ್ಕಿನ ತುಂಬ ಕಾಫಿ ತುಂಬಿಕೊಂಡು ಸ್ಕೂಟರ್ ಏರಿದಳು. ನಗರವೆಂಬ ಊರು ದಾಟಿ ಕವಲೇದುರ್ಗದ ದಾರಿ ಹಿಡಿಯುವವರೆಗೂ ಹೆಲ್ಮೆಟ್ಟಿನೊಳಗೆ ವಾದ ಜೋಡಿಸುತ್ತಲೇ ಇದ್ದಳು. ಮಳೆ ಬರಲೇಬೇಕು ಎಂಬುದಕ್ಕೆ ಕಾರಣ ಒಂದು, ಅದಕ್ಕೆ ಬರಬಹುದಾದ ಆಕ್ಷೇಪ, ಆಕ್ಷೇಪಕ್ಕೆ ಉತ್ತರ, ಕಾರಣ ಎರಡು. ಒಣಗಿದ ಗದ್ದೆಯ ಅಂಚಿನಲ್ಲಿ ನಡೆದು, ಕಲ್ಲು ಹಾಸಿದ ದಾರಿಯಲ್ಲಿ ಒಂದೊಂದೇ ಕೋಟೆಬಾಗಿಲು ದಾಟಿ ಮೇಲೆ ಹೋಗುವಷ್ಟರಲ್ಲಿ ಬಿಸಿಲಿಗೆ ಬೆವರು ಕಿತ್ತು ಬಂತು. ಇದೇ ಬಾಗಿಲುಗಳನ್ನು ಚೌಡಿ ದಾಟಿದ್ದಳು. ಇದೇ ಗೋಡೆಯ ಸಂದಿಯಲ್ಲಿ ಅವಿತುಕೊಂಡಿದ್ದಳು. ಇಷ್ಟು ಬೇಜಾರಿನ ನಡುವೆಯೂ ಧೃತಿಗೆ ಅದನ್ನೆಲ್ಲ ಗುರುತು ಹಿಡಿಯುವುದು ಖುಷಿಯಾಯಿತು, ಪುಸ್ತಕದೊಳಗೇ ಕಾಲಿಟ್ಟು ಹತ್ತುತ್ತಿದ್ದೇನೆ ಅನ್ನಿಸಿತು.

ಪೂರ್ಣೇಶ್ ಕಲ್ಲುಕಟ್ಟಿದ ಕೊಳದ ಮೇಲಿನ ಮೆಟ್ಟಿಲ ಮೇಲೆ, ಒಂದು ಮರದ ನೆರಳಿನಲ್ಲಿ ಕೂತಿದ್ದ. ತೊಡೆಯ ಮೇಲೆ ಹಲಗೆ, ಪಕ್ಕದಲ್ಲಿ ಚೀಲ.

"ಬಂದ್ರಾ ಡಾಕ್ಟ್ರೇ. ಎಂತ ಇಷ್ಟು ದೂರ? ಓದಿದ್ರಾ?"

"ಓದಿದೆ. ಪೂರ್ಣೇಶ್, ಮೊದಲಿನ ಕೊನೆಯೇ ಇರ್ಲಿ. ಮಳೆ ಬರ್ಲಿ."

ಅವನು ಅವಳ ಮುಖ ನೋಡಿದ. "ನೀವೇ ಅಲ್ವಾ ಬೇಡ ಅಂದಿದ್ದು?"

"ನಾನಲ್ಲ, ಮೋಡಯ್ಯ" ಎಂದು ಧೃತಿ ಕೂತು ವಿವರಿಸಿದಳು. ತಾಳಮದ್ದಳೆ, ಅಪ್ಪ, ಮೆಚ್ಚಿದ್ದರ ವಿರುದ್ಧ ವಾದಿಸುವ ಮನೆಯ ರೂಢಿ, ಎಲ್ಲವನ್ನೂ ಹೇಳಿದಳು.

"ತಾಳಮದ್ದಳೆ ನಾನೂ ಕೇಳಿದ್ದೀನಿ ಡಾಕ್ಟ್ರೇ" ಎಂದ ಪೂರ್ಣೇಶ್. "ವಾಟ್ಸಾಪಲ್ಲೂ ಮಾಡ್ತಾರೆ ಅಂತ ಗೊತ್ತಿರ್ಲಿಲ್ಲ. ನಮ್ಮನೇಲಿ ಬೇಡ ಅಂದ್ರೆ ಬೇಡ, ಹೌದು ಅಂದ್ರೆ ಹೌದು. ನಾನು ನಿಮ್ಮ ಮಾತು ಎಷ್ಟು ಸಲ ಕೇಳಿದೀನಿ ಗೊತ್ತಾ? ಬ್ಯಾನರ್ ಮಾಡ್ತಾ ಕೇಳಿದೀನಿ, ಊಟ ಮಾಡ್ತಾ ಕೇಳಿದೀನಿ. ಒಂದಕ್ಕೂ ನಂಗೆ ಉತ್ತರ ಹುಟ್ಲಿಲ್ಲ. ಉತ್ತರ ಇಲ್ಲದ ಮೇಲೆ ಚೌಡಿ ಹೆಂಗೆ ಸನ್ನೆಕೋಲು ಎಳೀತಾಳೆ?"

ಇದಕ್ಕಾಗಿಯೇ ಧೃತಿ ದಾರಿಯುದ್ದಕ್ಕೂ ಸಿದ್ಧವಾಗಿದ್ದಳು. ಕಾರಣ ಒಂದರಿಂದ ಶುರುಮಾಡಿದಳು. ಕಥೆಯ ಹೆಸರಿನಲ್ಲೇ ಮಳೆ ಇರುವಾಗ ಮಳೆ ತೋರಿಸದಿದ್ದರೆ ಓದುವವನಿಗೆ ಮೋಸ. ಫ್ಯಾಂಟಸಿಯಲ್ಲಿ ಆಸೆಗೆ ಬೆಲೆ ತೆರಬೇಕು ನಿಜ, ಆದರೆ ಆಸೆಯನ್ನೇ ವಾಪಸ್ ಕೊಟ್ಟು ಬಂದರೆ ಅದು ಕಥೆಯಲ್ಲ, ಅರ್ಜಿ ತಿರಸ್ಕಾರ. ಬುದ್ಧಿಮಾತಿನ ಚೌಕವಂತೂ ಕಾಮಿಕ್ಸಿನ ಮುಖಕ್ಕೆ ಸೆಗಣಿ ಬಳಿದ ಹಾಗೆ. ಮಾತು ಬಿಸಿಯೇರಿತು, ಕೈ ಆಡತೊಡಗಿತು, ಕೊಳದ ಆಚೆ ಫೋಟೋ ತೆಗೆದುಕೊಳ್ಳುತ್ತಿದ್ದವರು ತಿರುಗಿ ನೋಡಿದರು.

ಪೂರ್ಣೇಶ್ ಪೂರ್ತಿ ಕೇಳಿದ. "ಚೆನ್ನಾಗಿದೆ" ಎಂದ. "ಆವತ್ತಿಂದೂ ಹಿಂಗೇ ಚೆನ್ನಾಗಿತ್ತು. ಒಂದು ಮಾತು ಕೇಳ್ಲಾ? ಈಗ ನಾನು ಸರಿ ಮಳೆನೇ ಇರ್ಲಿ ಅಂದೆ ಅನ್ನಿ. ನಾಳೆ ನೀವು ಬೇಡ ಅನ್ನೋ ಕಡೆ ಕೂತು ಮಾತಾಡಿದ್ರೆ, ಅದನ್ನೂ ಗೆಲ್ತೀರಾ ಇಲ್ವಾ?"

ಧೃತಿ ಸುಳ್ಳು ಹೇಳಬಹುದಿತ್ತು. "ಗೆಲ್ತೀನಿ" ಎಂದಳು.

"ಹಂಗಾದ್ರೆ ನಾನು ಯಾವ ಧೃತಿ ಡಾಕ್ಟ್ರನ್ನ ನಂಬ್ಲಿ? ನೋಡಿ, ಎರಡೂ ಕಟ್ಟು ಇಲ್ಲೇ ಇದೆ." ಅವನು ಚೀಲ ತಟ್ಟಿದ. "ಹಳೇದನ್ನ ಹರಿಯಕ್ಕೆ ಮನಸು ಬರ್ಲಿಲ್ಲ. ಆದ್ರೆ ಅದ್ರ ಮೇಲೆ ನಂಬಿಕೆ ಹೋಗಿದೆ. ನಿಮ್ಮ ಅರ್ಧ ಗಂಟೆಗೆ ಹೋಯ್ತು. ನಾಳೆ ಬೆಳಿಗ್ಗೆ ಶ್ರೀಕಾಂತಣ್ಣಂಗೆ ಯಾವುದನ್ನ ಕೊಡ್ಲಿ ಅಂತ ನಂಗೇ ಗೊತ್ತಿಲ್ಲ. ಇದಾದ ಮೇಲೆ ಇನ್ನೊಂದು ಬರೀತೀನಿ ಅಂತಾನೂ ಅನ್ನಿಸ್ತಿಲ್ಲ."

ಆ ಕೊನೆಯ ಮಾತು ಧೃತಿಯ ಎದೆಗೆ ನಾಟಿತು. ಒಂದು ಪುಸ್ತಕ ಕೆಟ್ಟರೆ ಕೆಟ್ಟಿತು ಅನ್ನಬಹುದು, ಬರೆಯುವ ಕೈಯೇ ನಿಂತುಹೋದರೆ? ಕಾರಣ ಐದು, ಕಾರಣ ಆರು ಇನ್ನೂ ತಲೆಯಲ್ಲಿದ್ದವು. ಅವನ್ನು ಅಲ್ಲೇ ಬಿಟ್ಟಳು. ಏನು ಮಾಡಲೂ ತೋಚದೆ ಫ್ಲಾಸ್ಕ್ ತೆಗೆದು ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವನ ಮುಂದೆ ಹಿಡಿದಳು.

"ಈ ಬಿಸಿಲಲ್ಲಿ ಕಾಫಿನಾ?"

"ಕುಡಿ ಮಾರಾಯ. ಜನವರಿಯಲ್ಲೇ ಕೊಡಬೇಕಿತ್ತು."

ಅವನು ಏನೂ ಅರ್ಥವಾಗದೆ ಇಸಿದುಕೊಂಡ. ಧೃತಿ ಕೊಳದ ಕಡೆ ನೋಡುತ್ತ ಮಾತಾಡಿದಳು. ಈ ಸಲ ಅವಳ ಧ್ವನಿಗೆ ಏರಿಳಿತವಿರಲಿಲ್ಲ, ಸಾಲುಗಳು ತಡವರಿಸಿಕೊಂಡು ಬಂದವು.

"ನಿನ್ನ ಪೆನ್ಸಿಲ್ ಪುಟ ಬಂದಾಗ ನಾನು ಒಬ್ರ ಕೊಟ್ಟಿಗೇಲಿದ್ದೆ. ಎಮ್ಮೆ ಕರು ಹಾಕೋದಿತ್ತು, ತಡ ಆಗ್ತಿತ್ತು. ಕಾಯ್ತಾ ಕೂತು ಓದಿದೆ. ಕೊನೇ ಪುಟ ನೋಡಿ ಫೋನು ಜೇಬಿಗಿಟ್ಟು ಎದ್ದು ಅಂಗಳಕ್ಕೆ ಹೋದೆ. ಹೋಗಿ ಆಕಾಶ ನೋಡಿದೆ. ಜನವರಿ ಅದು. ಒಂದು ಮೋಡ ಇಲ್ಲ. ನಾನು ಮಳೆಗೆ ಕಾಯ್ತಾ ನಿಂತಿದ್ದೆ, ಪೂರ್ಣೇಶ್. ಆರು ತಿಂಗಳು ಸಾಕ್ಸ್ ಒಣಗಲ್ಲ ಅಂತ ಮಳೆಗೆ ಬೈಯೋಳು ನಾನು. ಅವತ್ತು ಮಳೆ ಅಂದ್ರೆ ಏನು ಅಂತ ನಂಗೆ ಗೊತ್ತೇ ಇಲ್ಲ, ಇನ್ನೇನು ಮೊದಲನೇ ಸಲ ನೋಡ್ತೀನಿ ಅನ್ನೋ ಹಂಗೆ ನಿಂತಿದ್ದೆ. ಕೆರಿಯಪ್ಪ ಅಂತ ಆ ಮನೆ ಯಜಮಾನ್ರು, ಎಂತ ಕಳ್ಕಂಡ್ರಿ ಡಾಕ್ಟ್ರಮ್ಮ ಅಂತ ಕೇಳಿದ್ರು. ಏನಿಲ್ಲ ಅಂದೆ. ಕಣ್ಣಲ್ಲಿ ನೀರು ಬಂದಿತ್ತು, ಸೆಖೆಗೆ ಅಂದೆ. ಜನವರಿಯಲ್ಲಿ ಎಂತ ಸೆಖೆ?"

ಪೂರ್ಣೇಶ್ ಕಾಫಿಯ ಮುಚ್ಚಳ ಹಿಡಿದುಕೊಂಡೇ ಕೂತಿದ್ದ.

"ಯಾಕೆ ಹಂಗಾಯ್ತು ಅಂತ ಕೇಳಬೇಡ. ಅದಕ್ಕೆ ನನ್ನ ಹತ್ರ ಕಾರಣ ಇಲ್ಲ. ಮನೆಗೆ ಬಂದೆ, ತಡೆಯಕ್ಕಾಗ್ಲಿಲ್ಲ, ಮೋಡಯ್ಯ ಆಗಿ ಕೂತು ನನ್ನ ಶಕ್ತಿ ಎಲ್ಲ ಹಾಕಿ ಗುದ್ದಿದೆ. ನಾನು ಗುದ್ದಿದ್ದು ಅದು ಬೀಳ್ಲಿ ಅಂತ ಅಲ್ಲ. ಅದು ಬೀಳ್ಲಿಲ್ಲ ಪೂರ್ಣೇಶ್. ಅಷ್ಟೆಲ್ಲ ಮಾತಾಡಿದ ಮೇಲೂ ಕಣ್ಣು ಮುಚ್ಚಿದ್ರೆ ಆ ಮಳೆ ಹಂಗೇ ಬರ್ತಾ ಇತ್ತು. ಅದು ನಿಂತ್ಕೊಳ್ತು ಅಂತ ನಿಂಗೆ ಹೇಳೋದನ್ನೇ ಮರೆತುಬಿಟ್ಟೆ."

ಪೂರ್ಣೇಶ್ ಕಾಫಿ ಕುಡಿದು ಮುಗಿಸಿ, ಮುಚ್ಚಳವನ್ನು ಒರೆಸಿ ಅವಳಿಗೆ ಕೊಟ್ಟ. ಅವನ ಕಿವಿ ಕೆಂಪಾಗಿತ್ತು.

"ಇದನ್ನ ಅರ್ಧ ನಿಮಿಷದಲ್ಲಿ ಹೇಳಬೋದಿತ್ತಲ ಡಾಕ್ಟ್ರೇ."

"ಹೇಳಬೋದಿತ್ತು."

"ನಾನು ಮೂರು ವರ್ಷದಿಂದ ಬರೀತಿರೋದೇ ಇದನ್ನ ಒಬ್ರಾದ್ರೂ ಹೇಳ್ಲಿ ಅಂತ." ಅವನು ಚೀಲದಿಂದ ಹಳೆಯ ಕಟ್ಟು ತೆಗೆದು ಮಳೆಯ ಪುಟವನ್ನು ತೊಡೆಯ ಮೇಲೆ ಹರಡಿಕೊಂಡ. ಬಹಳ ದಿನದ ಮೇಲೆ ಊರಿಗೆ ಬಂದವರನ್ನು ನೋಡುವ ಹಾಗೆ ನೋಡಿದ. ಆಮೇಲೆ ಹುಬ್ಬು ಗಂಟು ಹಾಕಿದ. "ಆದ್ರೆ ಮೋಡಯ್ಯನ ಮಾತೂ ಸುಳ್ಳಲ್ಲ. ಅದು ನನ್ನ ತಲೆಯಿಂದ ಹೋಗಲ್ಲ. ಅದನ್ನ ಕೇಳಿಸ್ಕಂಡ ಮೇಲೆ, ಅದು ಇಲ್ಲದ ಕಥೆ ಬೋಳು ಅನ್ನಿಸ್ತದೆ."

ಅದನ್ನು ಕೇಳಿದ್ದೇ ಧೃತಿ ನೆಟ್ಟಗಾದಳು. "ಹಂಗಾದ್ರೆ ಮೋಡಯ್ಯ ಮಾತಾಡ್ಲಿ. ನಮ್ಮ ಪ್ರಸಂಗದಲ್ಲಿ ಸೋಲೋನು ಸುಮ್ಮನೆ ಸೋಲ್ತಾನಾ? ಮಾತಲ್ಲಿ ಎದುರಿನವನ ಸೊಂಟ ಮುರಿದೇ ಸೋಲೋದು. ಸಭೆಯೆಲ್ಲ ಅವನ ಕಡೆಗಾಗಿರ್ತದೆ. ಆದ್ರೂ ಪದ್ಯ ಬದಲಾಗಲ್ಲ. ಅವನು ವಾದ ಗೆಲ್ಲಲಿ ಪೂರ್ಣೇಶ್. ಪೂರ್ತಿ ಗೆಲ್ಲಲಿ."

"ಗೆದ್ದ ಮೇಲೆ?"

"ಚೌಡಿ ಸನ್ನೆಕೋಲು ಎಳೀಲಿ."

ಪೂರ್ಣೇಶ್ ಆಗಲೇ ಹಲಗೆ ಸರಿಮಾಡಿಕೊಂಡು, ಬಿಳಿ ಹಾಳೆ ತೆಗೆದು ಚಿತ್ರದ ಚೌಕ ಹಾಕತೊಡಗಿದ್ದ. ಹಾಕುತ್ತಲೇ ಎದ್ದು, ಸಿಗ್ನಲ್ ಸಿಗುವ ಗೋಡೆಯ ತುದಿಗೆ ಓಡಿ, ಶ್ರೀಕಾಂತನಿಗೆ ಫೋನು ಮಾಡಿ, ಪುಸ್ತಕ ಬುಧವಾರ ಕೊಡುತ್ತೇನೆ ಎಂದ. ಆ ಕಡೆಯಿಂದ ಬಂದ ಬೈಗುಳ ಧೃತಿ ಕೂತಲ್ಲಿಗೂ ಕೇಳಿಸಿತು. ಕಾಮಿಕ್ಸ್ ಮಕ್ಕಳಿಗೆ ಸರಿ ಅನ್ನುವವನು ಕಾಮಿಕ್ಸ್ ಎರಡು ದಿನ ತಡವಾದರೆ ಇಷ್ಟು ಯಾಕೆ ಕೂಗುತ್ತಾನೆ ಎಂದು ಅವಳು ಗೊಣಗಿದಳು. ಪೂರ್ಣೇಶ್ ನಗುತ್ತ ವಾಪಸ್ ಬಂದ. ಅವನು ನಕ್ಕದ್ದನ್ನು ಅವತ್ತು ಅವಳು ಮೊದಲ ಸಲ ನೋಡಿದಳು. ಅವಳ ಮೈಯೆಲ್ಲ ಹಗುರಾಯಿತು.

ಆಮೇಲೆ ನಡೆದದ್ದು ಕೆಲಸ. ಪೂರ್ಣೇಶನ ಪೆನ್ಸಿಲ್ ಓಡಿತು. ಮೋಡಯ್ಯನ ಮಾತು ಬಾಯಿಂದ ಹೊರಟ ದೊಡ್ಡ ದೊಡ್ಡ ಬಲೂನುಗಳಾಗಿ ಮೊದಲ ಪುಟವನ್ನು ತುಂಬಿ ಎರಡನೆಯದಕ್ಕೂ ಹರಿಯಿತು. ಬಲೂನುಗಳು ಬೆಳೆದಂತೆ ಚಿತ್ರದಲ್ಲಿ ಚೌಡಿ ಸಣ್ಣವಳಾಗುತ್ತ ಹೋದಳು. ಧೃತಿ ಬಗ್ಗಿ ನೋಡುತ್ತ, ಸನ್ನೆಕೋಲು ಇನ್ನೂ ಮೇಲಿರಲಿ, ಆ ಕೈಯಲ್ಲಿ ಮಣಿಕಟ್ಟಿನ ಮೂಳೆ ಸರಿಯಾಗಿಲ್ಲ, ಮೋಡಯ್ಯನಿಗೆ ಅಷ್ಟು ದೀಪ ಯಾಕೆ ಎಂದು ಶುರುಮಾಡಿದಳು.

"ಡಾಕ್ಟ್ರೇ, ಸ್ವಲ್ಪ ಆ ಕಡೆ ಹೋಗಿ ಕೂತ್ಕಳಿ" ಎಂದ ಪೂರ್ಣೇಶ್ ತಲೆಯೆತ್ತದೆ.

ಅವಳು ಹೋಗಿ ಆ ಕಡೆ ಕೂತಳು. ಕೂತಳು ಎನ್ನುವುದು ಹೆಸರಿಗೆ. ಎದ್ದಳು, ಕೋಟೆಯೊಳಗಿನ ಗುಡಿಯವರೆಗೆ ಹೋದಳು, ಬಂದಳು, ಉಳಿದ ಕಾಫಿ ಕುಡಿದಳು, ಮತ್ತೆ ಎದ್ದಳು. ನೆರಳು ಮರದ ಬುಡ ಬಿಟ್ಟು ಮೆಟ್ಟಿಲ ಮೇಲೆ ಸರಿಯಿತು. ಕೊನೆಗೆ ತಡೆಯಲಾರದೆ ಅವನ ಬೆನ್ನ ಹಿಂದೆ ಬಂದು ನಿಂತಳು. ಎರಡನೆಯ ಪುಟದ ಕೊನೆಯ ಚೌಕದಲ್ಲಿ ಚೌಡಿಯ ಕೈ ಸನ್ನೆಕೋಲಿನ ಮೇಲಿತ್ತು. ಅವಳ ಬಾಯಿಯ ಪಕ್ಕದಲ್ಲಿ ಅವನು ಒಂದು ಬಲೂನು ಬರೆದಿದ್ದ.

"ಅದರಲ್ಲಿ ಎಂತ ಬರೀತೀಯ?"

"ನಿಮ್ಮ ಹತ್ರ ಕಾರಣ ಇತ್ತಾ?"

"ಇರ್ಲಿಲ್ಲ."

"ಹಂಗಾದ್ರೆ ಅವಳ ಹತ್ರನೂ ಇಲ್ಲ."

ಬಲೂನನ್ನು ಅವನು ಹಾಗೇ ಖಾಲಿ ಬಿಟ್ಟ. ಹೊಸ ಎರಡು ಹಾಳೆಗಳ ಕೆಳಗೆ ಮಳೆಯ ಹಳೆಯ ಪುಟವನ್ನು ಇಟ್ಟು ಜೋಡಿಸಿ ಅವಳ ಕೈಗೆ ಕೊಟ್ಟು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದುರು ನಿಂತ.

ಧೃತಿ ಓದಿದಳು. ತಾನೇ ಆಡಿದ ಮಾತು, ಆದರೂ ಮೋಡಯ್ಯ ಹೇಳಿದ್ದೆಲ್ಲ ಅವಳಿಗೆ ಸರಿ ಅನ್ನಿಸಿತು. ಗುಡ್ಡ ಜರಿದದ್ದು ಸರಿ, ಗೋಡೆ ಬೀಳುವುದು ಸರಿ. ಈ ಹುಡುಗಿ ಈಗ ಏನು ಹೇಳುತ್ತಾಳೆ ಎಂದು ಉಸಿರು ಹಿಡಿದು ಬಲೂನಿಗೆ ಬಂದಳು. ಅಲ್ಲಿ ಏನೂ ಇರಲಿಲ್ಲ. ಹಾಳೆ ಮಗುಚಿದಳು, ಮಳೆ ಸುರಿಯಿತು.

"ಎಂತ ಡಾಕ್ಟ್ರೇ" ಎಂದ ಪೂರ್ಣೇಶ್, ಹೆದರಿಕೊಂಡೇ. "ಅಭಿಪ್ರಾಯ ಹೇಳಿ."

ಧೃತಿ ತಲೆಯೆತ್ತಲಿಲ್ಲ. "ತಡಿ" ಎಂದಳು. "ಇನ್ನೊಂದ್ಸಲ ಓದ್ತೀನಿ."